ನಮ್ಮ ಶಾಲೆಗೊಬ್ಬರು ಹೆಡ್ ಮಾಸ್ತರ್ ಬೇಕು: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಶಾಲಾ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ಪ್ರತಿ: ಶಾಲಾ ಶಿಕ್ಷಣ ಇಲಾಖೆಯ ಆಯುಕ್ತರು, ಬೆಂಗಳೂರು, ಅಪರ ಆಯುಕ್ತರು, ಧಾರವಾಡ.

ವಿಷಯ: ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಖಾಲಿ ಇರುವ ಮುಖ್ಯ ಶಿಕ್ಷಕರ ಹುದ್ದೆಗಳನ್ನು ತುಂಬುವ ಬಗ್ಗೆ, ಮತ್ತು ಮುಖ್ಯ ಶಿಕ್ಷಕರಿಗೆ ಶಾಲೆ ನಡೆಸಲು ಬಿಡುವ ಬಗ್ಗೆ.

ಮಾನ್ಯರೇ,

ಗೌರವಪೂರ್ವಕ ನಮಸ್ಕಾರಗಳು.

ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ರೈತ. ಗೋವಿನಜೋಳ, ಹತ್ತಿ, ಸ್ವಲ್ಪ ಮೆಣಸಿನಕಾಯಿ ಬೆಳೆಯುತ್ತೇನೆ. ನನ್ನ ಮಗಳು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಕಲಿತು ಈಗ ಹೈಸ್ಕೂಲಿಗೆ ಹೋಗುತ್ತಿದ್ದಾಳೆ. ಮಗ ಅದೇ ಶಾಲೆಯಲ್ಲಿ ಐದನೇ ಕ್ಲಾಸು. ನಾನು ಆ ಶಾಲೆಯ ಎಸ್.ಡಿ.ಎಂ.ಸಿ. (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಶಾಲೆಯ ಹೆಸರನ್ನಾಗಲಿ, ಅಲ್ಲಿನ ಶಿಕ್ಷಕರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ಅವರ ಮೇಲೆ ನನಗೆ ದೂರಿಲ್ಲ. ಅವರನ್ನು ಇಂಥ ಸ್ಥಿತಿಗೆ ತಂದು ನಿಲ್ಲಿಸಿದ ಪದ್ಧತಿಯ ಮೇಲೆ ದೂರಿದೆ. ಅದನ್ನು ಸರಿಪಡಿಸುವ ಅಧಿಕಾರ ತಮ್ಮ ಕೈಯಲ್ಲಿದೆ, ಅದಕ್ಕೇ ತಮಗೆ ಬರೆಯುತ್ತಿದ್ದೇನೆ.

ಸರ್ಕಾರ ಶಾಲೆಗಳಿಗೆ ಏನೂ ಕೊಟ್ಟಿಲ್ಲ ಅಂತ ನಾನು ಹೇಳುವುದಿಲ್ಲ. 2002ರಲ್ಲಿ ಕಲಬುರಗಿ ಕಡೆಯ ಜಿಲ್ಲೆಗಳಲ್ಲಿ ಶುರುವಾದ ಬಿಸಿಯೂಟ ಈಗ ರಾಜ್ಯದ ಎಲ್ಲ ಕಡೆ ಇದೆ. 2013ರಿಂದ ಹಾಲು ಸಿಗುತ್ತಿದೆ. ಈಗ ಮೊಟ್ಟೆ, ರಾಗಿ ಮಾಲ್ಟ್ ಬಂದಿವೆ. ಪಠ್ಯಪುಸ್ತಕ, ಸಮವಸ್ತ್ರ, ಶೂ ಎಲ್ಲ ಉಚಿತ. ನಮ್ಮ ಶಾಲೆಗೆ ಹೊಸ ಕೊಠಡಿಯೂ ಬಂತು. ಇಷ್ಟೆಲ್ಲ ಇದ್ದರೂ ನಮ್ಮ ಊರಿನ ಓಣಿಗೆ ಬೆಳಿಗ್ಗೆ ಎಂಟಕ್ಕೆ ಖಾಸಗಿ ಶಾಲೆಯ ಹಳದಿ ವ್ಯಾನ್ ಬರುತ್ತದೆ, ವರ್ಷ ವರ್ಷ ಅದರಲ್ಲಿ ಹತ್ತುವ ಮಕ್ಕಳು ಜಾಸ್ತಿ ಆಗುತ್ತಿದ್ದಾರೆ. ಕೂಲಿ ಮಾಡುವವರೂ ಸಾಲ ಮಾಡಿ ಫೀ ಕಟ್ಟುತ್ತಿದ್ದಾರೆ. ಯಾಕೆ ಅಂತ ಕೇಳಿದರೆ ಎಲ್ಲರೂ ಇಂಗ್ಲಿಷ್ ಅಂತಾರೆ. ಆದರೆ ಅದೇ ಜನ ಕೆಲವು ವರ್ಷಗಳ ಹಿಂದೆ ಮಕ್ಕಳನ್ನು ವ್ಯಾನಿನಿಂದ ಬಿಡಿಸಿ ನಮ್ಮ ಶಾಲೆಗೆ ತಂದು ಸೇರಿಸಿದ್ದರು. ಆಗಲೂ ಇದೇ ಕಟ್ಟಡ, ಇದೇ ಕನ್ನಡ ಮಾಧ್ಯಮ ಇತ್ತು. ಆಗ ನಮ್ಮ ಶಾಲೆಗೆ ಒಬ್ಬರು ಹೆಡ್ ಇದ್ದರು. ಈಗ ಇಲ್ಲ. ನಾನು ಕಂಡ ಮಟ್ಟಿಗೆ ದೊಡ್ಡ ವ್ಯತ್ಯಾಸ ಅದೊಂದೇ.

ಅವರನ್ನು ಊರವರೆಲ್ಲ ದೊಡ್ಡ ಅಕ್ಕೋರು ಅಂತಲೇ ಕರೆಯುತ್ತಿದ್ದರು. ಅವರು ಏನು ಮಾಡುತ್ತಿದ್ದರು ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕಂದ್ರೆ ಈ ಕೆಲಸ ಯಾವ ಆ್ಯಪ್‌ನಲ್ಲೂ ಕಾಣುವುದಿಲ್ಲ.

ಅವರ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಅದರಲ್ಲಿ ಕ್ಲಾಸುವಾರು ಮಕ್ಕಳ ಹೆಸರು. ಹೆಸರಿನ ಮುಂದೆ ಯಾರಿಗೆ ಕಾಗುಣಿತ ಬರುವುದಿಲ್ಲ, ಯಾರು ಒತ್ತಕ್ಷರ ಬಂದ ಕೂಡಲೇ ನಿಲ್ಲುತ್ತಾರೆ, ಯಾರಿಗೆ ದಶಕ ಎರವಲು ತಂದು ಕಳೆಯಲು ಬರುವುದಿಲ್ಲ ಅಂತ ಬರೆದಿರುತ್ತಿತ್ತು. ತಿಂಗಳಿಗೊಮ್ಮೆ ತಾವೇ ಕೂತು ಒಬ್ಬೊಬ್ಬರನ್ನೇ ಕರೆದು ಓದಿಸುತ್ತಿದ್ದರು. ನನ್ನ ಮಗಳು ನಾಲ್ಕನೇ ಕ್ಲಾಸಿನಲ್ಲಿ ಒತ್ತಕ್ಷರಕ್ಕೆ ತಡವರಿಸುತ್ತಿದ್ದಳು. ಅದು ನನಗೆ ಗೊತ್ತೇ ಇರಲಿಲ್ಲ, ಅಕ್ಕೋರು ನೋಟ್‌ಬುಕ್ ತೋರಿಸಿ ಹೇಳಿದ ಮೇಲೆಯೇ ಗೊತ್ತಾಯಿತು. ಅಂಥ ಮಕ್ಕಳನ್ನು ಪ್ರಾರ್ಥನೆಗೆ ಮುಂಚೆ ಜಗಲಿಯಲ್ಲಿ ಕೂರಿಸಿ ಓದಿಸುವ ಏರ್ಪಾಟು ಮಾಡಿದ್ದರು.

ಶಿಕ್ಷಕರು ಪಾಠ ಮಾಡುವಾಗ ಹೋಗಿ ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಕೂತುಬಿಡುತ್ತಿದ್ದರು. ಮಧ್ಯದಲ್ಲಿ ಬಾಯಿ ಹಾಕುತ್ತಿರಲಿಲ್ಲ. ಪೀರಿಯಡ್ ಮುಗಿದ ಮೇಲೆ ಹೊರಗೆ ಬಂದು, "ಭಿನ್ನರಾಶಿ ಹೇಳೂ ಮುಂದ ರೊಟ್ಟಿ ಮುರುದು ತೋರಸ್ರಿ, ಹಿಂದ ಕುಂತೋರಿಗೆ ತಿಳೀಲಿಲ್ಲ ಅದು" ಅಂತ ಮೆಲ್ಲಗೆ ಹೇಳುತ್ತಿದ್ದರು. ಹೊಸದಾಗಿ ಬಂದ ಶಿಕ್ಷಕರೊಬ್ಬರು ಇದರಿಂದಲೇ ಚೆನ್ನಾಗಿ ಪಳಗಿದರು. ಅವರೇ ನನಗೆ ಹಾಗಂತ ಹೇಳಿದ್ದಾರೆ.

ನಮ್ಮ ಕಡೆ ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಶಾಲೆ ಖಾಲಿ ಆಗುತ್ತದೆ. ತಾಯಂದಿರ ಜೊತೆ ಹೆಣ್ಣುಮಕ್ಕಳು ಹೊಲಕ್ಕೆ ಹೋಗುತ್ತಾರೆ, ಇಲ್ಲವೇ ಮನೆಯಲ್ಲಿ ಕೂಸು ನೋಡಿಕೊಳ್ಳುತ್ತಾರೆ. ಅಕ್ಕೋರು ಸಂಜೆ ಮನೆಮನೆಗೆ ಹೋಗಿ, "ಹುಡುಗೀನ ಬಿಡಿಸ್ಬ್ಯಾಡ್ರಿ ಯವ್ವಾ, ಪರೀಕ್ಷೆ ಬಂದಾವ" ಅಂತ ಕೂತು ಮಾತಾಡುತ್ತಿದ್ದರು. ಬೈಯುತ್ತಿರಲಿಲ್ಲ. ಸಣ್ಣ ಕೂಸುಗಳನ್ನು ಅಂಗನವಾಡಿಯಲ್ಲಿ ಬಿಡಲು ಅಲ್ಲಿನ ಕಾರ್ಯಕರ್ತೆಯ ಜೊತೆ ತಾವೇ ಮಾತಾಡಿದ್ದರು. ಒಂದು ಶಾಲೆಯ ಆಡಳಿತ ಅಂದರೆ ಇದೇ ಅಲ್ವಾ ಸರ್? ಯಾರು ಕಲಿಯುತ್ತಿಲ್ಲ ಅಂತ ತಿಳಿದುಕೊಳ್ಳುವುದು, ಯಾಕೆ ಅಂತ ಹುಡುಕುವುದು, ಅದಕ್ಕೆ ಬೇಕಾದವರನ್ನು ಸೇರಿಸುವುದು.

ಅಕ್ಕೋರು ನಿವೃತ್ತರಾದರು. ಹುದ್ದೆ ಖಾಲಿ ಉಳಿಯಿತು. ನಮ್ಮಲ್ಲಿ ಮುಖ್ಯ ಶಿಕ್ಷಕರ ಹುದ್ದೆ ಮಂಜೂರಾಗಿದೆ, ಹೊಸದಾಗಿ ಸೃಷ್ಟಿಸಬೇಕಾಗಿಲ್ಲ. ಬಡ್ತಿ ಪಟ್ಟಿ ಆಗಿಲ್ಲ, ಜ್ಯೇಷ್ಠತೆಯ ತಕರಾರು ಇದೆ ಅಂತ ಕಚೇರಿಯಲ್ಲಿ ಹೇಳುತ್ತಾರೆ. ಇರುವ ಶಿಕ್ಷಕರಲ್ಲೇ ಹಿರಿಯರಿಗೆ ಪ್ರಭಾರ ಕೊಟ್ಟರು.

ಪ್ರಭಾರ ವಹಿಸಿದ ಸರ್ ಒಳ್ಳೆಯ ಶಿಕ್ಷಕರು. ಆರು, ಏಳನೇ ಕ್ಲಾಸಿಗೆ ಗಣಿತ, ವಿಜ್ಞಾನ ಅವರದೇ. ಅವರ ಪಾಠ ಕೇಳಿದ ನನ್ನ ಮಗಳು ಮನೆಯಲ್ಲಿ ಬಲ್ಬು, ತಂತಿ, ಬ್ಯಾಟರಿ ಹಿಡಿದು ಕೂರುತ್ತಿದ್ದಳು. ಪ್ರಭಾರ ಸಿಕ್ಕ ದಿನದಿಂದ ಆ ಎರಡು ಕ್ಲಾಸುಗಳ ಗಣಿತ, ವಿಜ್ಞಾನ ಅರ್ಧಕ್ಕೆ ನಿಂತವು. ಅವರ ಜಾಗಕ್ಕೆ ಬೇರೆ ಶಿಕ್ಷಕರನ್ನು ಕೊಡಲಿಲ್ಲ. ಹೀಗೆ ನಮಗೆ ಎರಡು ನಷ್ಟ ಆಯಿತು. ಪೂರ್ಣ ಹೆಡ್ ಮಾಸ್ತರೂ ಸಿಗಲಿಲ್ಲ, ಇದ್ದ ಒಳ್ಳೆಯ ಶಿಕ್ಷಕರೂ ಕೈತಪ್ಪಿದರು.

ಒಂದು ದಿನ ಯಾವುದೋ ಸಹಿಗೆ ಅಂತ ಶಾಲೆಗೆ ಹೋಗಿದ್ದೆ. ಸರ್ ಬೇವಿನ ಮರದ ಕೆಳಗೆ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದು ಆ ಜಾಗದಲ್ಲೇ. ಒಳಗೆ ಏಳನೇ ಕ್ಲಾಸಿನ ಮಕ್ಕಳು ಬೋರ್ಡಿನ ಮೇಲಿದ್ದ ಪ್ರಶ್ನೆ ನಕಲು ಮಾಡಿ ಮುಗಿಸಿ ಗಲಾಟೆ ಮಾಡುತ್ತಿದ್ದರು. "ಸರ, ಕ್ಲಾಸ್ ಐತಲ್ರಿ ನಿಮ್ದು?" ಅಂದೆ. "ಐತ್ರಿ. ಆದ್ರ ಈ ಮಾಹಿತಿ ಈಗ ಹೋಗಬೇಕು, ಇಲ್ಲಾಂದ್ರ ಫೋನ್ ಮ್ಯಾಲ ಫೋನ್ ಬರ್ತಾವು" ಅಂದರು. ಅವರ ಮುಖದಲ್ಲಿ ಬೇಸರ ಎದ್ದು ಕಾಣುತ್ತಿತ್ತು. ಪಾಠ ಮಾಡಬೇಕು ಅನ್ನುವ ಮನಸ್ಸಿರುವ ಮನುಷ್ಯ ಅವರು.

ಅವರ ದಿನ ಹೇಗೆ ಹೋಗುತ್ತದೆ ಅಂತ ಆಮೇಲೆ ಗಮನಿಸಿದೆ. ರಾಜ್ಯದ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ ತುಂಬಬೇಕು. ಕೇಂದ್ರದ ಯುಡೈಸ್‌ನಲ್ಲಿ ಮತ್ತೆ ಅದೇ ವಿವರ ತುಂಬಬೇಕು. ಆಧಾರ್‌ನಲ್ಲಿ ಒಂದು ಹೆಸರು, ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ಹೆಸರು ಇದ್ದರೆ ಪಾಲಕರನ್ನು ಹುಡುಕಿ ಸರಿ ಮಾಡಿಸಬೇಕು. ಪ್ರತಿ ವಿದ್ಯಾರ್ಥಿಗೂ ಅಪಾರ್ ಅನ್ನುವ ಗುರುತಿನ ಸಂಖ್ಯೆ ಆಗಬೇಕು. ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿಯ ಲೆಕ್ಕ ದಿನವೂ ಬರೆಯಬೇಕು. ಗ್ಯಾಸ್ ಮುಗಿದರೆ ತರಿಸಬೇಕು. ಅಡುಗೆಯವರು ರಜೆ ಹಾಕಿದರೆ ಬದಲಿ ನೋಡಬೇಕು. ಪಠ್ಯಪುಸ್ತಕ ಎತ್ತಿಕೊಂಡು ಬರಲು ತಾಲ್ಲೂಕಿಗೆ ಹೋಗಬೇಕು. ಯಾವ ದಿನಾಚರಣೆ ಮಾಡಿದರೂ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಕು. ಇದರ ಮೇಲೆ ಸಭೆಗಳು. ಪ್ರಾಥಮಿಕ ಶಾಲೆಗೆ ಗುಮಾಸ್ತರಿಲ್ಲ, ಜವಾನರಿಲ್ಲ. ಬೀಗ ತೆಗೆಯುವುದರಿಂದ ಹಿಡಿದು ಬೀಗ ಹಾಕುವ ತನಕ ಎಲ್ಲ ಅವರದೇ.

ಮೊಟ್ಟೆಯ ವಿಷಯ ಬೇರೆಯಾಗಿಯೇ ಹೇಳಬೇಕು. ವಾರಕ್ಕೆ 2 ದಿನ ಇದ್ದದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರಲ್ಲಿ 6 ದಿನಕ್ಕೆ ಏರಿತು. ನಮ್ಮ ಮಕ್ಕಳಿಗೆ ಇದು ಬೇಕೇ ಬೇಕು, ಯಾರೂ ಇದನ್ನು ನಿಲ್ಲಿಸುವ ಮಾತಾಡಬಾರದು. ಆದರೆ ಒಂದು ಮೊಟ್ಟೆಗೆ ನಿಗದಿ ಮಾಡಿದ್ದು 6 ರೂಪಾಯಿ. ಅದರಲ್ಲೇ ಬೇಯಿಸುವ, ಸುಲಿಯುವ, ಸಾಗಿಸುವ ಖರ್ಚೂ ಸೇರಿದೆ. ಅಂಗಡಿಯಲ್ಲಿ ಮೊಟ್ಟೆಯೇ 7 ರೂಪಾಯಿ ಆದಾಗ ಉಳಿದ ದುಡ್ಡು ಯಾರು ಕೊಡಬೇಕು? ನಮ್ಮ ಸರ್ ತಮ್ಮ ಜೇಬಿನಿಂದ ಕೊಟ್ಟಿದ್ದಾರೆ. ಯಾರ ಹತ್ತಿರವೂ ಹೇಳಿಕೊಂಡಿಲ್ಲ, ಅಂಗಡಿಯವರು ಹೇಳಿದ್ದರಿಂದ ನಮಗೆ ತಿಳಿಯಿತು. ಇನ್ನು ಶಾಲಾ ಅನುದಾನ. ನೂರರ ಮೇಲೆ, 250ರ ಒಳಗೆ ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವರ್ಷಕ್ಕೆ 50,000 ರೂಪಾಯಿ. ಅದರಲ್ಲಿ 10ನೇ ಒಂದು ಭಾಗ ಸ್ವಚ್ಛತೆಗೆ. ಸೀಮೆಸುಣ್ಣ, ವಹಿಗಳು, ಫಿನಾಯಿಲ್, ಒಡೆದ ನಲ್ಲಿ, ಎಲ್ಲಕ್ಕೂ ಇದೇ ದುಡ್ಡು. ನಮ್ಮಲ್ಲಿ ಅದು ಶೈಕ್ಷಣಿಕ ವರ್ಷದ ಕೊನೆಗೆ ಬಂದದ್ದೂ ಇದೆ. ಅಲ್ಲಿಯ ತನಕ ಶೌಚಾಲಯ ತೊಳೆಸುವವರು ಯಾರು?

ಪ್ರಭಾರದ ಇನ್ನೊಂದು ತೊಂದರೆ ಮೇಲಿನಿಂದ ನೋಡುವವರಿಗೆ ಕಾಣುವುದಿಲ್ಲ. ಅವರೂ ಸಹ ಶಿಕ್ಷಕರು, ಉಳಿದವರೂ ಸಹ ಶಿಕ್ಷಕರು. ನಿನ್ನೆಯ ತನಕ ಒಂದೇ ಬೆಂಚಿನಲ್ಲಿ ಕೂತು ಚಹಾ ಕುಡಿದವರು. ಒಬ್ಬರು ದಿನಾ ತಡವಾಗಿ ಬಂದರೆ ಇವರು ಹೇಗೆ ಕೇಳಬೇಕು? ಕೇಳಿದರೆ, "ನೀವೇನ್ ನಮ್ಮ ಸಾಹೇಬ್ರಾ?" ಅನ್ನುವ ಮಾತು ಬರುತ್ತದೆ. ಕೇಳದಿದ್ದರೆ ಸರಿಯಾಗಿ ಬರುವವರ ಮನಸ್ಸೂ ಕೆಡುತ್ತದೆ. ಅಕ್ಕೋರ ಹಾಗೆ ಇನ್ನೊಬ್ಬರ ಕ್ಲಾಸಿನಲ್ಲಿ ಹೋಗಿ ಕೂರುವುದು ಅವರಿಂದ ಸಾಧ್ಯವೇ ಇಲ್ಲ. ಜವಾಬ್ದಾರಿ ಪೂರ್ತಿ ಅವರ ತಲೆ ಮೇಲೆ, ಅಧಿಕಾರ ಮಾತ್ರ ಇಲ್ಲ. ಯಾವಾಗ ಪ್ರಭಾರ ಬದಲಾಗುತ್ತದೋ ಅನ್ನುವುದೂ ಗೊತ್ತಿಲ್ಲದ ಮೇಲೆ ಯಾರು ತಾನೇ ಮುಂದಿನ ವರ್ಷದ ಯೋಚನೆ ಮಾಡುತ್ತಾರೆ?

ನಮ್ಮ ಎಸ್.ಡಿ.ಎಂ.ಸಿ.ಯ ಕತೆಯೂ ಇದರ ಜೊತೆಗೇ ಇದೆ. ಡಾ. ರಾಜಾರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆ ಹೇಳಿದ ಮೇಲೆ 2001ರಲ್ಲಿ ಸರ್ಕಾರ ಈ ಸಮಿತಿಗಳನ್ನು ಮಾಡಿತು. ದೇಶಕ್ಕೆಲ್ಲ ಶಿಕ್ಷಣ ಹಕ್ಕಿನ ಕಾಯ್ದೆ ಬರುವ ಎಷ್ಟೋ ಮುಂಚೆ ಕರ್ನಾಟಕ ಇದನ್ನು ಮಾಡಿತ್ತು ಅನ್ನುವ ಹೆಮ್ಮೆ ನನಗಿದೆ. ಆದರೆ ಸಭೆ ಕರೆಯುವವರು, ವಿಷಯ ಮುಂದಿಡುವವರು ಹೆಡ್ ಮಾಸ್ತರ್. ಅಕ್ಕೋರ ಕಾಲದಲ್ಲಿ ಸಭೆ ಅಂದರೆ ಸಂಜೆ ಜಗಲಿ ತುಂಬುತ್ತಿತ್ತು, ಹೆಂಗಸರು ಮಾತಾಡುತ್ತಿದ್ದರು. ಈಗ ನಡಾವಳಿ ವಹಿ ಮನೆಗೇ ಬರುತ್ತದೆ, ಸಹಿ ಹಾಕಿ ಕಳಿಸುತ್ತೇವೆ. ಕಾಯ್ದೆ ಹೇಳುವ ಶಾಲಾ ಅಭಿವೃದ್ಧಿ ಯೋಜನೆ ಎಲ್ಲಿಂದ ತಯಾರಾಗಬೇಕು? ಸರ್‌ಗೆ ಸಭೆ ಮಾಡಲು ಪುರುಸೊತ್ತಿಲ್ಲ, ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಕಾನೂನಿನ ಮಾತಿಗೆ ಬರುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಸ್ಪಷ್ಟವಾಗಿದೆ. ಒಂದರಿಂದ ಐದನೇ ತರಗತಿಯಲ್ಲಿ 150ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಒಬ್ಬ ಮುಖ್ಯ ಶಿಕ್ಷಕರಿರಬೇಕು. ಆರರಿಂದ ಎಂಟರಲ್ಲಿ 100 ದಾಟಿದರೆ ಪೂರ್ಣಾವಧಿ ಮುಖ್ಯ ಶಿಕ್ಷಕರೇ ಇರಬೇಕು. ಕಲಂ 26ರ ಪ್ರಕಾರ ಮಂಜೂರಾದ ಶಿಕ್ಷಕರ ಹುದ್ದೆಗಳಲ್ಲಿ ಶೇ. 10ಕ್ಕಿಂತ ಜಾಸ್ತಿ ಖಾಲಿ ಇರಬಾರದು. ಕಲಂ 27ರ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರನ್ನೇ ಕಳಿಸಿ, ಅದು ಮುಗಿಯಲಿಲ್ಲ ಅಂತ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಬೆಳೆಸಲಾಯಿತು. ಸಮೀಕ್ಷೆ ಬೇಡ ಅನ್ನುವವನಲ್ಲ ನಾನು, ಬಡವರ ಲೆಕ್ಕ ಸರ್ಕಾರಕ್ಕೆ ಗೊತ್ತಾಗಲೇಬೇಕು. ಆದರೆ ಆ ಬಡವರ ಮಕ್ಕಳೇ ಅಷ್ಟು ದಿನ ಶಾಲೆಯಿಲ್ಲದೆ ಕೂತರು. ಖಾಸಗಿ ಶಾಲೆಯ ಶಿಕ್ಷಕರನ್ನು ಯಾರೂ ಹೀಗೆ ಮನೆಮನೆಗೆ ಕಳಿಸುವುದಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಹೈಸ್ಕೂಲ್ ಹೆಡ್ ಮಾಸ್ತರರನ್ನು ತರಾಟೆಗೆ ತೆಗೆದುಕೊಳ್ಳುವುದನ್ನು ಪತ್ರಿಕೆಯಲ್ಲಿ ಓದುತ್ತೇವೆ. 2023ರಲ್ಲಿ ಶೇ. 83.89 ಇದ್ದ ಫಲಿತಾಂಶ, ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಶುರು ಮಾಡಿದ 2024ರಲ್ಲಿ ಕೃಪಾಂಕ ಕೊಟ್ಟ ಮೇಲೂ ಶೇ. 73.40ಕ್ಕೆ ಇಳಿಯಿತು. ನಕಲು ತಡೆದದ್ದು ಸರಿಯಾದ ಕೆಲಸ. ಆದರೆ ಹತ್ತನೇ ಕ್ಲಾಸಿನಲ್ಲಿ ಪುಟ ಓದಲು ಬಾರದ ಹುಡುಗ ಹತ್ತನೇ ಕ್ಲಾಸಿನಲ್ಲಿ ಹಾಗಾದವನಲ್ಲ. ಅವನು ಮೂರನೇ ಕ್ಲಾಸಿನಲ್ಲೇ ಹಿಂದೆ ಬಿದ್ದಿದ್ದ, ಅದನ್ನು ಅಲ್ಲೇ ಗುರುತಿಸುವ ಹೆಡ್ ಆ ಶಾಲೆಯಲ್ಲಿ ಇರಲಿಲ್ಲ. ಹೈಸ್ಕೂಲಿನ ಹೆಡ್ ಮಾಸ್ತರಿಗೆ ನೋಟಿಸ್ ಕೊಟ್ಟರೆ ಏಳು ವರ್ಷದ ಆ ಹಿಂದುಳಿಯುವಿಕೆ ಸರಿಯಾಗುತ್ತದಾ?

ಕಾಲೇಜುಗಳ ಖಾತೆ ತಮ್ಮದಲ್ಲ, ಆದರೂ ಒಂದು ಸಾಲು. ಡಿಗ್ರಿ ಕಾಲೇಜಿನ ಪ್ರಾಂಶುಪಾಲರ ಅವಧಿ 5 ವರ್ಷ ಅಂತ ಯುಜಿಸಿಯ 2018ರ ನಿಯಮ ಹೇಳುತ್ತದೆ. ನಮ್ಮ ಕಡೆಯ ಸರ್ಕಾರಿ ಕಾಲೇಜುಗಳಲ್ಲೂ ನಾವು ಕಾಣುವುದು ಪ್ರಭಾರ ಪ್ರಾಂಶುಪಾಲರನ್ನೇ. ತಮ್ಮ ಸಹೋದ್ಯೋಗಿ ಸಚಿವರಿಗೂ ಇದನ್ನು ತಿಳಿಸಿ.

ಒಂದು ಮಾತು ಹೆಡ್ ಮಾಸ್ತರರಿಗೂ ಹೇಳಬೇಕು. ಹುದ್ದೆ ಇದ್ದು, ಅಧಿಕಾರ ಇದ್ದು, ಹನ್ನೊಂದಕ್ಕೆ ಬಂದು ಮೂರಕ್ಕೆ ಹೋಗುವವರೂ ಇದ್ದಾರೆ. ಬೀಗರ ಊರಿನಲ್ಲಿ ಅಂಥ ಶಾಲೆಯನ್ನು ನೋಡಿದ್ದೇನೆ. ಆ್ಯಪ್ ಜಾಸ್ತಿ ಆಯಿತು ಅನ್ನುವುದು ಅವರಿಗೆ ನೆಪ. ಅಂಥವರಿಂದ ಕೆಲಸ ತೆಗೆಯುವುದು ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿ.ಇ.ಓ. ಅವರ ಹೊಣೆ. ಆದರೆ ಬಿ.ಇ.ಓ. ಶಾಲೆಗೆ ಬಂದಾಗ ಮೊದಲು ಕೇಳುವುದು ವಹಿಗಳನ್ನು. ನಾಲ್ಕನೇ ಕ್ಲಾಸಿನ ನಾಲ್ಕು ಮಕ್ಕಳನ್ನು ಕರೆದು ಒಂದು ಪುಟ ಓದಿಸಿ ನೋಡಲಿ. ಹೆಡ್ ಮಾಸ್ತರ್ ಕೆಲಸ ಮಾಡುತ್ತಿದ್ದಾರೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಈಗ ನಮ್ಮ ಬೇಡಿಕೆಗಳು. ಮೊದಲನೆಯದು, ಬಡ್ತಿ ಪ್ರಕ್ರಿಯೆ ಮುಗಿಸಿ, ಶಾಲೆ ಶುರುವಾಗುವ ಹೊತ್ತಿಗೆ ಮಂಜೂರಾದ ಹುದ್ದೆಗಳಿಗೆ ಮುಖ್ಯ ಶಿಕ್ಷಕರನ್ನು ಕಳಿಸಿ. ಬಂದವರನ್ನು ವರ್ಷದ ಮಧ್ಯೆ ಎತ್ತಬೇಡಿ. ತಕರಾರು ಕೋರ್ಟಿನಲ್ಲಿದ್ದು ತಡವಾಗುವುದೇ ಆದರೆ, ಪ್ರಭಾರ ವಹಿಸಿದವರಿಗೆ ಕನಿಷ್ಠ ಪೂರ್ತಿ ಒಂದು ಶೈಕ್ಷಣಿಕ ವರ್ಷದ ಅವಧಿ ಕೊಡಿ. ಸಹ ಶಿಕ್ಷಕರ ಪಾಠ ನೋಡುವ, ಹಾಜರಾತಿ ಕೇಳುವ ಅಧಿಕಾರವನ್ನು ಲಿಖಿತ ಆದೇಶದಲ್ಲೇ ಕೊಡಿ. ಅವರು ಬಿಟ್ಟ ಕ್ಲಾಸುಗಳಿಗೆ ಶಾಲೆ ಶುರುವಾದ ದಿನದಿಂದಲೇ ಅತಿಥಿ ಶಿಕ್ಷಕರನ್ನು ಕೊಡಿ. ನಾಲ್ಕು ತಿಂಗಳು ಕಳೆದ ಮೇಲೆ ಆದೇಶ ಬಂದರೆ ಮಕ್ಕಳಿಗೆ ಏನು ಉಪಯೋಗ?

ಎರಡನೆಯದು ಮಾಹಿತಿಯ ಕೆಲಸ. ಪ್ರತಿ ಕ್ಲಸ್ಟರಿಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೆ, ಒಬ್ಬ ಕಂಪ್ಯೂಟರ್ ಆಪರೇಟರ್ ಕೊಟ್ಟರೆ ಹತ್ತಾರು ಹೆಡ್ ಮಾಸ್ತರರು ಕ್ಲಾಸಿಗೆ ವಾಪಸ್ ಹೋಗುತ್ತಾರೆ. ಸ್ಯಾಟ್ಸ್‌ನಲ್ಲಿ ಇರುವ ಮಾಹಿತಿಯನ್ನೇ ಮತ್ತೊಂದು ನಮೂನೆಯಲ್ಲಿ ಕೇಳುವುದನ್ನು ನಿಲ್ಲಿಸಿ. ಪಾಠದ ಹೊತ್ತಿನಲ್ಲಿ ತುರ್ತು ಮಾಹಿತಿ ಕೇಳಬಾರದು ಅಂತ ಕೆಳಗಿನ ಕಚೇರಿಗಳಿಗೆ ಆದೇಶ ಮಾಡಿ. ಮೊಟ್ಟೆಯ ದರವನ್ನು ಪೇಟೆ ದರಕ್ಕೆ ಹೊಂದಿಸಿ, ಇಲ್ಲವೇ ಖರೀದಿಯನ್ನು ಊರಿನ ಸ್ತ್ರೀಶಕ್ತಿ ಸಂಘಗಳಿಗೆ ವಹಿಸಿ. ನಮ್ಮ ಊರಿನ ಸಂಘದವರು ಇದಕ್ಕೆ ಒಪ್ಪಿದ್ದಾರೆ.

ಮೂರನೆಯದು ತರಬೇತಿ. ಶಾಲಾ ನಾಯಕತ್ವದ ತರಬೇತಿಗೆಂದೇ ಧಾರವಾಡದಲ್ಲಿ ರಾಜ್ಯದ ಸಂಸ್ಥೆ ಇದೆ, ನಮ್ಮ ಜಿಲ್ಲೆಗೆ ಹತ್ತಿರವೇ. ಆದರೆ ನಮ್ಮ ಸರ್‌ಗೆ ಪ್ರಭಾರ ಕೊಟ್ಟಾಗ ಸಿಕ್ಕಿದ್ದು ಬೀರುವಿನ ಕೀಲಿ, ವಹಿಗಳ ಪಟ್ಟಿ, ಒಂದಷ್ಟು ಪಾಸ್‌ವರ್ಡ್. ಕೆಲಸ ವಹಿಸುವ ಮುಂಚೆಯೇ ತರಬೇತಿ ಕೊಡಿ. ಸುಮ್ನೆ ಹಾಲ್‌ನಲ್ಲಿ ಕೂರಿಸಿ ಸ್ಲೈಡ್ ತೋರಿಸುವುದು ಬೇಡ. ಚೆನ್ನಾಗಿ ನಡೆಯುವ ಶಾಲೆಯಲ್ಲಿ, ಅನುಭವ ಇರುವ ಹೆಡ್ ಜೊತೆ ಒಂದಷ್ಟು ದಿನ ಇರಲು ಬಿಡಿ. ನಿವೃತ್ತರಾದ ನಮ್ಮ ಅಕ್ಕೋರಂಥವರನ್ನು ಕರೆದರೆ ಸಂತೋಷದಿಂದ ಬರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಸೇರಿ ಮಕ್ಕಳು ನಲಿಯುತ್ತ ಕಲಿಯುವ ನಲಿ-ಕಲಿ ಪದ್ಧತಿ ಕಟ್ಟಿದರು, ಅದು ಇಡೀ ರಾಜ್ಯಕ್ಕೆ ಹಬ್ಬಿತು. ಶಾಲೆಯ ಒಳಗಿರುವವರಿಗೆ ಅವಕಾಶ ಕೊಟ್ಟರೆ ಏನಾಗುತ್ತದೆ ಅನ್ನುವುದು ತಮ್ಮ ಇಲಾಖೆಗೆ ಗೊತ್ತಿಲ್ಲದ್ದೇನಲ್ಲ.

ಮಕ್ಕಳ ಸಂಖ್ಯೆ ಕಡಿಮೆ ಆಯಿತು ಅಂತ ನಾಳೆ ನಮ್ಮ ಶಾಲೆಯ ಶಿಕ್ಷಕರನ್ನು ಹೆಚ್ಚುವರಿ ಅಂತ ಎತ್ತುವ, ಶಾಲೆಯನ್ನೇ ದೂರದ ಕರ್ನಾಟಕ ಪಬ್ಲಿಕ್ ಶಾಲೆಗೆ (ಕೆಪಿಎಸ್) ಸೇರಿಸುವ ಪ್ರಸ್ತಾಪ ಬರಬಹುದು. ಅದಕ್ಕೆ ಮುಂಚೆ ಇಲ್ಲಿಗೊಬ್ಬ ಪೂರ್ಣಾವಧಿ ಹೆಡ್ ಮಾಸ್ತರ್ ಕೊಟ್ಟು ಮೂರು ವರ್ಷ ನೋಡಿ ಅನ್ನುವುದು ನಮ್ಮೆಲ್ಲರ ವಿನಂತಿ.

ನಮ್ಮ ತಾಲ್ಲೂಕಿನಲ್ಲಿ ಎಷ್ಟು ಮುಖ್ಯ ಶಿಕ್ಷಕರ ಹುದ್ದೆ ಖಾಲಿ ಇವೆ, ಬಡ್ತಿ ಪಟ್ಟಿ ಯಾವ ಹಂತದಲ್ಲಿದೆ, ಯಾವ ತಿಂಗಳೊಳಗೆ ತುಂಬುತ್ತೀರಿ, ಈ ಮೂರಕ್ಕೆ ಲಿಖಿತ ಉತ್ತರ ಕೊಡಿ. ಬಿ.ಇ.ಓ. ಕಚೇರಿಯ ಮೂಲಕ ಕಳಿಸಿದರೂ ಸಾಕು. ಈ ಪತ್ರವನ್ನು ಮುಂದಿನ ಎಸ್.ಡಿ.ಎಂ.ಸಿ. ಸಭೆಯಲ್ಲಿ ಓದಿ ನಡಾವಳಿಯಲ್ಲಿ ಬರೆಸುತ್ತೇವೆ. ಈ ಸಲ ವಹಿ ಮನೆಗೆ ಬರುವುದು ಬೇಡ ಅಂತ ಸರ್‌ಗೆ ಹೇಳಿದ್ದೇವೆ, ಸಭೆಯನ್ನು ನಾವು ಪಾಲಕರೇ ಸೇರಿ ನಡೆಸುತ್ತೇವೆ. ತಮ್ಮ ಉತ್ತರ ಅಷ್ಟರೊಳಗೆ ಬಂದರೆ ಅದನ್ನೂ ಅಲ್ಲೇ ಓದುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಪಾಲಕ ಹಾಗೂ ಎಸ್.ಡಿ.ಎಂ.ಸಿ. ಸದಸ್ಯ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ,
ಹಾವೇರಿ ಜಿಲ್ಲೆ